ಹಾಡಿಗೆ ವೆಚ್ಚ ಹೊತ್ತವರು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ, ಗಣೇಶನ ಹಬ್ಬದ ಚಪ್ಪರಗಳಲ್ಲಿಯೂ, ಹೊಗೆಸೊಪ್ಪಿನ ಹರಾಜು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ದಿನಗಳ ಮದುವೆಮನೆಗಳಲ್ಲಿಯೂ, ಮಾದಪ್ಪನ ಬೆಟ್ಟಕ್ಕೆ ಹೊರಟ ಟೆಂಪೋಗಳಲ್ಲಿಯೂ, ಮಾದೇಶ್ವರನ ಮೇಲಿನ ಒಂದು ಸಿನಿಮಾ ಹಾಡು ಬಹುಕಾಲದಿಂದ ಮೊಳಗುತ್ತಿರುವುದನ್ನು ಓದುಗರು ಬಲ್ಲರು. ಅದು 2008ರಲ್ಲಿ ತೆರೆಗೆ ಬಂದ ‘ಸೈಕೋ’ ಎಂಬ ಚಿತ್ರದ ಹಾಡು. ಚಿತ್ರವನ್ನು ಜನ ಬಹುಮಟ್ಟಿಗೆ ಮರೆತರು, ಹಾಡನ್ನು ಮರೆಯಲಿಲ್ಲ. ಅದಕ್ಕೆ ಸ್ವರ ಹೊಂದಿಸಿ ತಾವೇ ಹಾಡಿದವರು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್. ಅದೇ 2008ರಲ್ಲಿ ಅವರು ತಮ್ಮ ತಂಡದ ಹೆಸರಿನಲ್ಲಿ ಮೊತ್ತಮೊದಲ ಸ್ವತಂತ್ರ ಆಲ್ಬಂ ಒಂದನ್ನೂ ಹೊರತಂದರು. ಆ ಆಲ್ಬಂ ಲಂಡನ್ನಿನ ದೂರದರ್ಶನದ ವೇದಿಕೆಯವರೆಗೆ ಅವರನ್ನು ಕರೆದೊಯ್ದಿತಾದರೂ, ನಮ್ಮ ಸಂತೆಪೇಟೆಗಳಲ್ಲಿ ಅದರ ಸದ್ದು ಕೇಳಿದ್ದು ಕಡಿಮೆ.

ಗಾಯಕ ಒಬ್ಬನೇ, ವರ್ಷ ಒಂದೇ, ಕಂಠವೂ ಒಂದೇ. ದಾರಿ ಮಾತ್ರ ಎರಡು. ಇಂಥ ಭೇದ ಕಂಡಾಗಲೆಲ್ಲ ಜನರ ಅಭಿರುಚಿಯನ್ನು ಹೊಣೆಗೀಡುಮಾಡುವುದು ಪಂಡಿತರ ವಾಡಿಕೆ. ಹಳ್ಳಿಯ ಜನಕ್ಕೆ ಸಿನಿಮಾ ಸಾಕು, ಪಟ್ಟಣದ ಜನಕ್ಕೆ ರಾಕ್ ಬೇಕು ಎಂದುಬಿಟ್ಟರೆ ವಿಚಾರ ಮಾಡುವ ಶ್ರಮವೂ ತಪ್ಪುತ್ತದೆ. ನನಗೆ ಆ ಸಮಾಧಾನ ರುಚಿಸುವುದಿಲ್ಲ. ಯಾವ ಹಾಡು ಅಚ್ಚಾಗುತ್ತದೆ, ಅಚ್ಚಾದದ್ದು ಎಲ್ಲಿಯತನಕ ಹೋಗುತ್ತದೆ ಎಂಬುದನ್ನು ನಿರ್ಣಯಿಸುವುದರಲ್ಲಿ ಕೇಳುಗನ ಕಿವಿಗಿಂತ ಮೊದಲು ವೆಚ್ಚ ಹೊತ್ತವನ ಕೈ ಕೆಲಸ ಮಾಡಿರುತ್ತದೆ; ಈ ಮಾತಿಗೆ ಮೈಸೂರು ಸೀಮೆಯ ಧ್ವನಿಮುದ್ರಣದ ಕಥೆಗಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಭಾರತದ ಗಾಯಕರ ಪೈಕಿ ಗ್ರಾಮಫೋನು ತಟ್ಟೆಯಿಂದಲೇ ದೇಶವ್ಯಾಪಿಯಾಗಿ ಹೆಸರಾದ ಮೊದಲ ತಾರೆ ಗೌಹರ್ ಜಾನ್. 1902ರ ನವೆಂಬರ್ ತಿಂಗಳಲ್ಲಿ, ಕಲ್ಕತ್ತೆಯಲ್ಲಿ, ಗ್ರಾಮಫೋನು ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞನ ಮುಂದೆ ಆಕೆ ಹಾಡಿದಾಗ, ವಿದ್ಯುತ್ತಿನ ಮೈಕ್ರೋಫೋನು ಇನ್ನೂ ಬಳಕೆಗೆ ಬಂದಿರಲಿಲ್ಲ. ದೊಡ್ಡದೊಂದು ಕಹಳೆಯ ಬಾಯಿಗೆ ಮುಖವೊಡ್ಡಿ, ಧ್ವನಿಯೇರಿಸಿ, ಸುಮಾರು 3 ನಿಮಿಷಗಳೊಳಗೆ ಹಾಡನ್ನು ಮುಗಿಸಬೇಕಾಗಿತ್ತು. ಗಂಟೆಗಟ್ಟಲೆ ವಿಸ್ತರಿಸಬಹುದಾದ ರಾಗವನ್ನು ಅಷ್ಟು ಅಲ್ಪ ಕಾಲದಲ್ಲಿ ಅಡಗಿಸಿದ ಆಕೆಯ ಜಾಣ್ಮೆ ಒಂದು ಕಡೆಯಾದರೆ, ಹಾಡು ಮುಗಿದೊಡನೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಸಾರುತ್ತಿದ್ದ ಗತ್ತು ಇನ್ನೊಂದು ಕಡೆ. ಆ ಘೋಷಣೆ ಗರ್ವವೆಂದು ಕೆಲವರು ತಿಳಿದರು. ವಾಸ್ತವದಲ್ಲಿ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್ ನಗರದಲ್ಲಿ, ಅಲ್ಲಿಯ ಕೆಲಸಗಾರರಿಗೆ ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ತಿಳಿಯುವ ಉಪಾಯ ಅದಾಗಿತ್ತು. ವೆಚ್ಚ ಕಂಪನಿಯದು, ಕಾಲಮಿತಿಯೂ ಕಂಪನಿಯದು, ಕೊನೆಯ ಮಾತೂ ಕಂಪನಿಯ ಅನುಕೂಲಕ್ಕಾಗಿ. ಈಕೆ ಇಳಿವಯಸ್ಸಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವಿದುಷಿಯಾಗಿ 1928ರಲ್ಲಿ ಮೈಸೂರಿಗೆ ಬಂದು, 1930ರ ಜನವರಿಯಲ್ಲಿ ಇಲ್ಲಿಯೇ ತೀರಿಕೊಂಡಳು. ಕಾವೇರಿಯ ನೆರೆಗೆ ಅಂಜಿ ಎಡತೊರೆಯನ್ನು ತೊರೆದ ಜನ ಎತ್ತರದ ನೆಲದಲ್ಲಿ ಕಟ್ಟಿಕೊಂಡ ಹೊಸ ಊರಿಗೆ ಕೃಷ್ಣರಾಜನಗರವೆಂಬ ಹೆಸರು ಬಂದದ್ದೂ ಆ ದೊರೆಯಿಂದಲೇ.

ಅವರ ತರುವಾಯ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರದು ಇನ್ನೂ ವಿಸ್ಮಯಕರವಾದ ಸಂಗತಿ. ಪಾಶ್ಚಾತ್ಯ ಸಂಗೀತದಲ್ಲಿ ಗಾಢ ಪರಿಶ್ರಮವಿದ್ದ ಆ ಅರಸರು, ರಷ್ಯಾವನ್ನು ಬಿಟ್ಟು ಲಂಡನ್ನಿನಲ್ಲಿ ಬಡತನದಿಂದಲೂ ಅನಾರೋಗ್ಯದಿಂದಲೂ ದಿನ ನೂಕುತ್ತಿದ್ದ ನಿಕೊಲಾಯ್ ಮೆಟ್ನರ್ ಎಂಬ ವಾಗ್ಗೇಯಕಾರನ ಕೃತಿಗಳು ಅಚ್ಚಾಗಬೇಕೆಂದು 1940ರ ದಶಕದ ಕಡೆಯ ವರ್ಷಗಳಲ್ಲಿ ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿ, ಧನವೊದಗಿಸಿ, ಎಚ್‌ಎಂವಿ ಸಂಸ್ಥೆಯಿಂದ ಅವನ ಪಿಯಾನೋ ವಾದನವನ್ನು ತಟ್ಟೆಗಳಿಗೇರಿಸಿದರು. 1951ರಲ್ಲಿ ತೀರಿಕೊಂಡ ಮೆಟ್ನರ್ ತನ್ನ ಮೂರನೆಯ ಪಿಯಾನೋ ಕನ್ಚರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾನೆ. ಇಂದಿಗೂ ಅವನ ಕೈಯ ನುಡಿಸಾಣಿಕೆಯನ್ನು ಜಗತ್ತು ಕೇಳಬಲ್ಲುದಾದರೆ, ಅದಕ್ಕೆ ಸಂದ ಹಣದಲ್ಲಿ ನಮ್ಮ ಸೀಮೆಯ ಕಂದಾಯದ ಪಾಲೂ ಇದ್ದೀತು. ಇದು ಆಕ್ಷೇಪಣೆಯಲ್ಲ, ಅಭಿಮಾನದ ಮಾತೇ ಸರಿ.

ಅರಸೊತ್ತಿಗೆ ಕಳೆದ ಮೇಲೆ ಆ ಸ್ಥಾನಕ್ಕೆ ಬಂದದ್ದು ಸಿನಿಮಾ. ನಮ್ಮ ಹುಣಸೂರಿನ ಹೆಸರನ್ನು ತಟ್ಟೆಗಳ ಮೇಲೆ ನಾಡಿನಾದ್ಯಂತ ತಿರುಗಿಸಿದ ಹುಣಸೂರು ಕೃಷ್ಣಮೂರ್ತಿಯವರು, 1965ರ ‘ಸತ್ಯ ಹರಿಶ್ಚಂದ್ರ’ವನ್ನು ನಿರ್ದೇಶಿಸಿದ್ದಲ್ಲದೆ ಅದರಲ್ಲಿ ಕುಲದ ಮೇಲುಕೀಳನ್ನು ಪ್ರಶ್ನಿಸುವ ಹಾಡನ್ನೂ ಬರೆದರು, ಘಂಟಸಾಲರ ಕಂಠದಲ್ಲಿ ಅದು ಹಬ್ಬಿದ ಪರಿಯನ್ನು ವಿವರಿಸಬೇಕಾದ ಅಗತ್ಯವಿಲ್ಲ. ಸಿನಿಮಾಕ್ಕೆ ಹೊರತಾದ ಕನ್ನಡ ಹಾಡಿಗೆ ಬಹುಕಾಲ ಆಕಾಶವಾಣಿಯೇ ಗತಿಯಾಗಿತ್ತು. ಕ್ಯಾಸೆಟ್ಟು ಬಂದ ಮೇಲೆ ಮುದ್ರಣದ ವೆಚ್ಚ ತಗ್ಗಿ, 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹೊಂದಿಸಿದ ‘ನಿತ್ಯೋತ್ಸವ’ ಧ್ವನಿಸುರುಳಿಯಿಂದ ಭಾವಗೀತೆಗೆ ಸ್ವತಂತ್ರವಾದೊಂದು ಮಾರುಕಟ್ಟೆ ತೆರೆಯಿತು. ಸಿನಿಮಾ ಒಂದು ಮಾರ್ಗ, ಸುಗಮ ಸಂಗೀತ ಇನ್ನೊಂದು. ಗಿಟಾರು ಹಿಡಿದು ತನ್ನ ಹಾಡನ್ನು ತಾನೇ ಕಟ್ಟಿ ಹಾಡುವವನಿಗೆ ಮೂರನೆಯ ಮಾರ್ಗವೆಂಬುದು ಕನ್ನಡದಲ್ಲಿ ಇರಲಿಲ್ಲವೆಂದೇ ಹೇಳಬೇಕು.

ರಘು ದೀಕ್ಷಿತರು ಹುಟ್ಟಿದ್ದು 1974ರಲ್ಲಿ, ನಾಸಿಕದಲ್ಲಿ; ಬೆಳೆದದ್ದು, ಓದಿದ್ದು ಮೈಸೂರಿನಲ್ಲಿ. ಭರತನಾಟ್ಯವನ್ನು ಶಾಸ್ತ್ರೋಕ್ತವಾಗಿ ಕಲಿತು ವಿದ್ವತ್ ಪದವಿಯವರೆಗೆ ಸಾಗಿದವರು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಸ್ನಾತಕೋತ್ತರ ಪದವಿಯಲ್ಲಿ ಸುವರ್ಣಪದಕ ಪಡೆದವರು. ಗಂಡುಹುಡುಗನಿಗೆ ನಾಟ್ಯವೇಕೆಂದು ಸಹಪಾಠಿಯೊಬ್ಬ ಹಂಗಿಸಿ ಸವಾಲೊಡ್ಡಿದ್ದರಿಂದ ಗಿಟಾರು ಕೈಗೆ ಬಂದಿತೆಂದು ಅವರೇ ಅನೇಕ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಹಂಗಿಸಿದವನಿಗೆ ಕನ್ನಡ ಸಂಗೀತ ಋಣಿಯಾಗಿರಬೇಕು! ಆದರೂ ಕಲಿತ ನಾಟ್ಯ ವ್ಯರ್ಥವಾಗಲಿಲ್ಲ. ಬಣ್ಣದ ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಹೆಜ್ಜೆಯಿಂದಲೇ ತಾಳ ಹಾಕುತ್ತ ಹಾಡುವುದು ಅವರ ವೇದಿಕೆಯ ರೀತಿಯಾಯಿತು. ಪಿಟೀಲು ವಾದಕ ಎಚ್.ಎನ್. ಭಾಸ್ಕರ್ ಅವರೊಡನೆ ಕಟ್ಟಿದ ‘ಅಂತರಾಗ್ನಿ’ ಎಂಬ ತಂಡ ಮೊದಲನೆಯದು. ನಡುವೆ ಔಷಧ ಕಂಪನಿಯ ಉದ್ಯೋಗದ ನಿಮಿತ್ತ ಬೆಲ್ಜಿಯಂ ದೇಶದಲ್ಲಿದ್ದಾಗ ಅಲ್ಲಿಯ ರೇಡಿಯೋದಲ್ಲಿ ಹಾಡುವ ಅವಕಾಶ ದೊರೆತು, ಪರದೇಶದ ಜನ ಅರ್ಥವಾಗದ ಭಾಷೆಯ ಹಾಡನ್ನು ಮೆಚ್ಚಿದ್ದನ್ನು ಕಂಡು, ಉದ್ಯೋಗಕ್ಕೆ ವಿದಾಯ ಹೇಳಿ ಬೆಂಗಳೂರಿಗೆ ಹಿಂದಿರುಗಿದರು.

ಅವರು ಹಿಂದಿರುಗಿದ ಕಾಲ ಒಳ್ಳೆಯದಾಗಿರಲಿಲ್ಲ. 1990ರ ದಶಕದ ನಡುವಣ ವರ್ಷಗಳಲ್ಲಿ, ಉಪಗ್ರಹ ದೂರದರ್ಶನದ ಸಂಗೀತ ವಾಹಿನಿಗಳ ಬೆಂಬಲದಿಂದ, ಸಿನಿಮಾಕ್ಕೆ ಹೊರತಾದ ಹಿಂದಿ ಪಾಪ್ ಸಂಗೀತ ಉಚ್ಛ್ರಾಯಕ್ಕೇರಿತ್ತು. ಅಲೀಶಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’ 1995ರದು, ನಮ್ಮ ಬೆಂಗಳೂರಿನೊಡನೆ ನಂಟುಳ್ಳ ಲಕ್ಕಿ ಅಲಿಯವರ ‘ಸುನೋ’ 1996ರದು. ಆಗ ಕಂಪನಿಗಳು ಗಾಯಕನ ಮೇಲೆ ಹಣ ಹೂಡುತ್ತಿದ್ದವು, ಏಕೆಂದರೆ ಕ್ಯಾಸೆಟ್ಟೂ ಸಿ.ಡಿಯೂ ಮಾರಾಟವಾಗುತ್ತಿದ್ದವು. ಹೊಸ ಶತಮಾನ ತೊಡಗುವಷ್ಟರಲ್ಲಿ ಎಂಪಿ-ತ್ರೀ ಎಂಬ ಬೆಂಕಿ ಆ ಹುಲ್ಲುಬಣವೆಗೆ ಬಿದ್ದಿತು. ನೂರಾರು ಹಾಡುಗಳ ಕಳ್ಳಪ್ರತಿ ಬಸ್ ನಿಲ್ದಾಣದಲ್ಲಿ ಹತ್ತಿಪ್ಪತ್ತು ರೂಪಾಯಿಗೆ ದೊರೆಯುವಾಗ, ಹೆಸರಿಲ್ಲದ ಗಾಯಕನಿಗೆ ಲಕ್ಷಗಟ್ಟಲೆ ವ್ಯಯಿಸುವ ಸಾಹುಕಾರನೆಲ್ಲಿ? ಸಿನಿಮಾ ಹಾಡಿಗಾದರೆ ನಿರ್ಮಾಪಕನೇ ಸ್ಟುಡಿಯೋದ ಬಾಡಿಗೆ ತೆರುತ್ತಾನೆ, ವಾದ್ಯಗಾರರ ಸಂಭಾವನೆ ತೆರುತ್ತಾನೆ, ತಾರೆಯ ಮುಖದಿಂದ ಪ್ರಚಾರವನ್ನೂ ಒದಗಿಸುತ್ತಾನೆ. ಸ್ವತಂತ್ರ ಗಾಯಕನಿಗೆ ಇವೆಲ್ಲ ಸ್ವಂತ ಕೈಯಿಂದಲೇ ಆಗಬೇಕು. ಅದರ ಮೇಲೆ ಈತನ ಹಾಡುಗಳು ಕೆಲವು ಹಿಂದಿಯಲ್ಲಿ, ಕೆಲವು ಕನ್ನಡದಲ್ಲಿ. ಮುಂಬಯಿಯವರಿಗೆ ಕನ್ನಡ ಬೇಡ, ಇಲ್ಲಿಯವರಿಗೆ ಹಿಂದಿ ಬೇಡ. ಹೀಗೆ ವರ್ಷಗಳು ಉರುಳಿ, ಕಡೆಗೆ ಮುಂಬಯಿಯ ಒಂದು ಸಣ್ಣ ಕಛೇರಿಯಲ್ಲಿ ಅವರ ಹಾಡನ್ನು ಕೇಳಿದ ಚಲನಚಿತ್ರ ಸಂಗೀತ ನಿರ್ದೇಶಕರಾದ ವಿಶಾಲ್ ದದ್ಲಾನಿ ಮತ್ತು ಶೇಖರ್ ರವ್ಜಿಯಾನಿ ಇವರು ತಮ್ಮ ಸ್ವಂತ ಸಂಸ್ಥೆಯಿಂದ ಆಲ್ಬಮನ್ನು ಹೊರತರಲು ಒಪ್ಪಿದರು. ಸ್ವತಂತ್ರ ಸಂಗೀತಕ್ಕೆ ಬಾಗಿಲು ತೆರೆದವರು ಸಿನಿಮಾದಲ್ಲಿ ಗಳಿಸಿದವರೇ ಎಂಬುದು ಗಮನಿಸತಕ್ಕ ಮಾತು.

‘ಅಂತರಾಗ್ನಿ’ ಎಂಬ ಹಳೆಯ ಹೆಸರನ್ನೇ ಉಪಶೀರ್ಷಿಕೆಯಾಗಿ ಹೊತ್ತು ‘ರಘು ದೀಕ್ಷಿತ್ ಪ್ರಾಜೆಕ್ಟ್’ ಹೆಸರಿನಲ್ಲಿ ಬಂದ ಆ ಆಲ್ಬಮಿನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳೊಡನೆ ಕನ್ನಡದವು ಎರಡು. ‘ಮೈಸೂರ್ ಸೆ ಆಯಿ’ ಎಂಬ ಹಿಂದಿ ಹಾಡು ಉತ್ತರದಲ್ಲಿ ಜನಪ್ರಿಯವಾಯಿತು. ಅದು ಸುಶ್ರಾವ್ಯವೆಂಬುದರಲ್ಲಿ ಸಂಶಯವಿಲ್ಲ, ಆದರೆ ಅದರಲ್ಲಿ ನನಗೆ ಮೈಸೂರು ಅಷ್ಟಾಗಿ ಕಾಣುವುದಿಲ್ಲ. ಆಲ್ಬಮಿನ ಸತ್ವವಿರುವುದು ಆ ಎರಡು ಕನ್ನಡ ಹಾಡುಗಳಲ್ಲಿ. ಎರಡೂ ಶಿಶುನಾಳ ಷರೀಫರವು: ಒಂದು ಗುಡುಗುಡಿಯನ್ನು ಕುರಿತದ್ದು, ಇನ್ನೊಂದು ಸೋರುವ ಮಾಳಿಗೆಯನ್ನು ಕುರಿತದ್ದು.

1819ರಲ್ಲಿ ಹುಟ್ಟಿ 1889ರಲ್ಲಿ ಗತಿಸಿದ, ಗೋವಿಂದಭಟ್ಟರ ಶಿಷ್ಯನಾದ ಆ ಮುಸಲ್ಮಾನ ಸಂತನ ತತ್ತ್ವಪದಗಳು ರಾಕ್ ಸಂಗೀತಕ್ಕೆ ಅಷ್ಟು ಸಲೀಸಾಗಿ ಒದಗಿದುದು ಹೇಗೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಭಾವಗೀತೆಯಲ್ಲಿ ಪದ್ಯದಿಂದ ಪದ್ಯಕ್ಕೆ ಭಾವ ಮುಂದುವರಿಯುತ್ತದೆ. ಅದಕ್ಕೆ ತಕ್ಕಂತೆ ಸ್ವರವೂ ಬಳುಕಬೇಕು, ವಾದ್ಯಗಳು ಹಿಂದೆ ಸರಿದು ನಿಲ್ಲಬೇಕು. ತತ್ತ್ವಪದದ ನಡೆ ಬೇರೆ. ಅದು ನಡುನಡುವೆ ಪಲ್ಲವಿಗೆ ಮರಳಿ, ಮರಳಿದಷ್ಟು ಸಲವೂ ಅದನ್ನು ಇನ್ನಷ್ಟು ಬಲವಾಗಿ ಬಡಿಯುತ್ತದೆ. ಏಕತಾರಿಯ ಒಂದೇ ಶ್ರುತಿಯ ಮೇಲೆ, ದಮ್ಮಡಿಯ ಒಂದೇ ಗತಿಯ ಮೇಲೆ ಅದರ ಇಡೀ ಭಾರ ನಿಂತಿರುತ್ತದೆ. ರಾಕ್ ಸಂಗೀತದ ಕಟ್ಟಡವೂ ಇಂಥದೇ: ಗಿಟಾರಿನ ಚಿಕ್ಕದೊಂದು ಸ್ವರಪುಂಜ ಮತ್ತೆ ಮತ್ತೆ ಸುತ್ತಿ ಬರುತ್ತದೆ, ಡ್ರಮ್ಮು ಬದಲಾಗದ ಹೆಜ್ಜೆ ಹಾಕುತ್ತದೆ, ಎಲ್ಲರೂ ಕೂಡಿ ಪಲ್ಲವಿಯನ್ನು ಎತ್ತಿಕೊಳ್ಳುತ್ತಾರೆ. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರಕ್ಕಾಗಿ ಸಿ. ಅಶ್ವಥ್ ಹಾಡಿದ ಪದಗಳಲ್ಲಿ ಗಾಯಕನ ಒಬ್ಬಂಟಿ ಕಂಠದ ಆರ್ತತೆ ಮುಂದಾಗಿದ್ದರೆ, ಇಲ್ಲಿ ಗುಂಪಿನ ಉತ್ಸಾಹ ಮುಂದಾಗಿದೆ. ಅಶ್ವಥ್ ಅವರದನ್ನು ಕೇಳಿ ಬೆಳೆದ ನನ್ನಂಥವರಿಗೆ ಮೊದಲು ಇದು ಅಬ್ಬರವೆನಿಸಿದರೂ, ಗುಡುಗುಡಿಯ ಪದದಲ್ಲಿ ಈ ಅಬ್ಬರವೇ ಸೊಗಸು. ಸೋರುವ ಮಾಳಿಗೆಯ ಪದದಲ್ಲಿ ಮಾತ್ರ, ಕಬಿನಿಯ ಕಡೆಯ ಮುಂಗಾರಿನಲ್ಲಿ ಹೆಂಚು ಸೋರುವುದನ್ನು ಕಂಡವರಿಗೆ ತಕ್ಷಣ ತಟ್ಟುವ ಆ ದುಗುಡವನ್ನು, ವಾದ್ಯಗಳು ಅಲ್ಲಲ್ಲಿ ನುಂಗಿಹಾಕಿವೆ ಎಂದು ಹೇಳದೆ ವಿಧಿಯಿಲ್ಲ.

ಈ ಬಗೆಯ ಹಾಡಿಕೆ ನಮ್ಮ ಸೀಮೆಗೆ ಹೊಸದೇನಲ್ಲ. ಕೃಷ್ಣರಾಜನಗರ ತಾಲ್ಲೂಕಿನ ಕಪ್ಪಡಿಯಲ್ಲಿ, ಕಾವೇರಿಯ ದಂಡೆಯ ಮೇಲಣ ರಾಚಪ್ಪಾಜಿ ಚನ್ನಾಜಮ್ಮನವರ ಗದ್ದುಗೆಯ ಸನ್ನಿಧಿಯಲ್ಲಿ, ಶಿವರಾತ್ರಿಯಿಂದ ಮೊದಲ್ಗೊಂಡು ನಡೆಯುವ ಜಾತ್ರೆಗೆ ಬರುವ ನೀಲಗಾರರು, ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಗಗ್ಗರ ಹಿಡಿದು, ಹಿಮ್ಮೇಳದವರೊಡನೆ ಇರುಳೆಲ್ಲ ಮಂಟೇಸ್ವಾಮಿಯ ಕಥೆಯನ್ನು ಹಾಡುತ್ತಾರೆ. ಎರಡು ಸಲ ಕೇಳಿದರೆ ಎರಡು ಬಗೆ: ಕೇಳುಗರ ಮುಖ ನೋಡಿ ಒಂದು ಪ್ರಸಂಗ ಬೆಳೆಯುತ್ತದೆ, ಇನ್ನೊಂದು ಕುಗ್ಗುತ್ತದೆ. ಜೀ.ಶಂ. ಪರಮಶಿವಯ್ಯ, ಪಿ.ಕೆ. ರಾಜಶೇಖರ ಮೊದಲಾದ ವಿದ್ವಾಂಸರು ಇಂಥ ಮೌಖಿಕ ಕಾವ್ಯಗಳನ್ನು ಹಳ್ಳಿ ಹಳ್ಳಿ ತಿರುಗಿ ಸಂಗ್ರಹಿಸಿ ಪುಸ್ತಕರೂಪಕ್ಕೆ ತಂದು ಮಹದುಪಕಾರ ಮಾಡಿದರು. ಆದರೆ ಇಡೀ ಇರುಳಿನ ಹಾಡಿಕೆಯನ್ನು ಅಚ್ಚುಕಟ್ಟಾಗಿ ಧ್ವನಿಮುದ್ರಿಸಿ ಮಾರುವುದಕ್ಕೆ ವೆಚ್ಚ ಹೊರುವ ಕಂಪನಿ ಎಲ್ಲಿಯದು? ಆ ಪರಂಪರೆಗೆ ಸೋದರನಾದ ಮಾದಪ್ಪನ ಕಂಸಾಳೆಯ ಲಯ, ‘ಸೈಕೋ’ ಚಿತ್ರದ ನಿರ್ಮಾಪಕರ ಖರ್ಚಿನಲ್ಲಿ, ಕೆಲವು ನಿಮಿಷಗಳ ರಾಕ್ ಹಾಡಾಗಿ ನಮ್ಮ ಟೆಂಪೋಗಳಿಗೆ ಮರಳಿತು. ನೀಲಗಾರರ ಮತ್ತು ದೇವರಗುಡ್ಡರ ಹಾಡಿಕೆಯನ್ನು ಕೇಳಿ ಬೆಳೆದ ಹಳ್ಳಿಗರು ಇದನ್ನು ಪರಕೀಯವೆಂದು ತಳ್ಳದೆ ತಮ್ಮದೆಂದೇ ಎತ್ತಿಕೊಂಡರೆಂಬುದೇ, ರಾಕ್ ಸಂಗೀತ ಪಟ್ಟಣಿಗರ ಸೊತ್ತೆಂಬ ವಾದಕ್ಕೆ ಸಾಕಷ್ಟು ಉತ್ತರ.

ಮೊದಲ ಆಲ್ಬಮಿನ ಮುಂದಿನ ಚರಿತ್ರೆ ಸಂತೋಷದಾಯಕವಾದದ್ದು, ಹೆಚ್ಚು ವಿವರಿಸಬೇಕಾದದ್ದಲ್ಲ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಅವರ ಪ್ರಸಿದ್ಧ ಸಂಗೀತ ಕಾರ್ಯಕ್ರಮದಲ್ಲಿ ತಂಡ ಹಾಡಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ ದೊರೆಯಿತು. ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವದ ಕೆಸರು ಬಯಲಿನಲ್ಲಿ ಲುಂಗಿಯುಟ್ಟ ಕನ್ನಡಿಗ ಷರೀಫರನ್ನು ಹಾಡಿದ. ಇಲ್ಲಿ ಆಲ್ಬಮಿನ ಉಪಯೋಗವೇ ಬದಲಾದದ್ದನ್ನು ಕಾಣಬೇಕು. ಗೌಹರ್ ಜಾನಳ ಕಾಲದಲ್ಲಿ ಕಛೇರಿಯ ಕೀರ್ತಿ ತಟ್ಟೆಯನ್ನು ಮಾರಿಸುತ್ತಿತ್ತು, ತಟ್ಟೆಯೇ ವ್ಯಾಪಾರವಾಗಿತ್ತು. ಈಗ ಆಲ್ಬಂ ಕೇವಲ ಪರಿಚಯಪತ್ರ. ಅದನ್ನು ತೋರಿಸಿ ಕಛೇರಿ ಗಿಟ್ಟಿಸಿಕೊಳ್ಳಬೇಕು, ಜೀವನ ಸಾಗುವುದು ಕಛೇರಿಯಿಂದ. ಈ ಗಾಯಕನ ಎರಡನೆಯ ಆಲ್ಬಂ ‘ಜಗ್ ಚಂಗಾ’ 2013ರಷ್ಟು ತಡವಾಗಿ ಬಂದುದಕ್ಕೂ, ಮೂರನೆಯದಾದ ‘ಶಕ್ಕರ್’ ಮತ್ತೆ ಸುಮಾರು ಒಂದು ದಶಕ ಹಿಡಿದುದಕ್ಕೂ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ. ‘ಜಗ್ ಚಂಗಾ’ದಲ್ಲಿ ಷರೀಫರು ಮರಳಿ ಬಂದಿದ್ದಾರೆ: ಲೋಕದ ಕಾಳಜಿಯ ಪದವೂ ಕೋಡಗನನ್ನು ಕೋಳಿ ನುಂಗಿದ ಪದವೂ ಅದರಲ್ಲಿವೆ. ಧ್ವನಿಮುದ್ರಣದ ನಯ ಹೆಚ್ಚಿದೆ, ಪ್ರತಿಯೊಂದು ವಾದ್ಯವೂ ಸ್ಫುಟವಾಗಿ ಕೇಳುತ್ತದೆ. ಆದರೂ ಮೊದಲನೆಯದರ ಒರಟು ಹಸಿವು ಇದರಲ್ಲಿಲ್ಲವೆಂದು ನನ್ನ ಭಾವನೆ. ವರ್ಷಾನುಗಟ್ಟಲೆ ಬಾಗಿಲು ತಟ್ಟಿ ದಣಿದವನ ಹಾಡಿಗೂ, ಬಾಗಿಲು ತೆರೆದ ಮೇಲಿನ ಹಾಡಿಗೂ ಅಷ್ಟು ಅಂತರವಿರುವುದು ಸಹಜ.

ಇದೇ ಮನೆತನದ ಇನ್ನೊಂದು ಸಾಹಸವನ್ನು ಬಿಟ್ಟರೆ ಅಪೂರ್ಣವಾದೀತು. ರಘು ಅವರ ತಮ್ಮ ವಾಸು ದೀಕ್ಷಿತ್ ಗೆಳೆಯರೊಡನೆ ಕಟ್ಟಿದ ‘ಸ್ವರಾತ್ಮ’ ತಂಡ 2009ರಲ್ಲಿ ತನ್ನದೇ ಹೆಸರಿನ ಆಲ್ಬಮನ್ನೂ, 2012ರಲ್ಲಿ ‘ಟೋಪಿವಾಲೆ’ಯನ್ನೂ ಹೊರತಂದಿತು. ಮೊದಲನೆಯದರಲ್ಲಿ ‘ಪ್ಯಾಸಿ’ ಎಂಬ ಹಿಂದಿ ಹಾಡಿದೆ. ಎರಡು ರಾಜ್ಯಗಳ ಕಲಹದ ನಡುವೆ ತಾನೇ ಬಾಯಾರಿದ ಕಾವೇರಿಯ ಅಳಲು ಅದರ ವಸ್ತು. ಚುಂಚನಕಟ್ಟೆಯಲ್ಲಿ ಧುಮುಕುವ ಹೊಳೆಯ ದುಃಖವನ್ನು ಚುಂಚನಕಟ್ಟೆಯವರಿಗೆ ಹೇಳಲು ಹಿಂದಿಯನ್ನು ಆಶ್ರಯಿಸಬೇಕಾಯಿತಲ್ಲಾ ಎಂದು ಒಮ್ಮೆ ಅನಿಸುವುದುಂಟು. ಆದರೆ ಅಖಿಲ ಭಾರತದ ಮಾರುಕಟ್ಟೆಯನ್ನು ನಂಬಿ ಕಂಪನಿಯೊಂದು ವೆಚ್ಚ ಹೊರುವಾಗ ಭಾಷೆಯ ಆಯ್ಕೆ ಗಾಯಕನೊಬ್ಬನದೇ ಆಗಿ ಉಳಿಯುವುದಿಲ್ಲ.

ಇತ್ತೀಚೆಗೆ ವೆಚ್ಚವೇ ಇಳಿದಿದೆ. ಮನೆಯ ಕೋಣೆಯಲ್ಲಿ ಕಂಪ್ಯೂಟರನ್ನೂ ಒಳ್ಳೆಯ ಮೈಕನ್ನೂ ಇಟ್ಟುಕೊಂಡು, ಹಿಂದೆ ಸ್ಟುಡಿಯೋದಲ್ಲಿ ಮಾತ್ರ ಸಾಧ್ಯವಾಗಿದ್ದುದನ್ನು ಪಿರಿಯಾಪಟ್ಟಣದ ಹುಡುಗನೂ ಮಾಡಬಲ್ಲ. ಸಂಜೆ ಮುಗಿಸಿ ಬೆಳಗಾಗುವುದರೊಳಗೆ ಲೋಕಕ್ಕೆ ಕೇಳಿಸಬಲ್ಲ. ಇದರಿಂದ ವೆಚ್ಚ ಹೊತ್ತವನ ಹಿಡಿತ ತಪ್ಪಿತೆಂದು ಹಿಗ್ಗುವವರು, ಹೊಸ ಒಡೆಯನ ನಿಯಮಗಳನ್ನೂ ಓದಿಕೊಳ್ಳುವುದು ಲೇಸು. ಸ್ಪಾಟಿಫೈ ಮುಂತಾದ ಅಂತರ್ಜಾಲದ ಹಾಡುಮಂಟಪಗಳಲ್ಲಿ ಕೇಳುಗ 30 ಸೆಕೆಂಡುಗಳವರೆಗಾದರೂ ನಿಂತರೆ ಮಾತ್ರ ಅದು ಒಂದು ಕೇಳ್ವಿಕೆಯೆಂದು ಎಣಿಕೆಯಾಗುತ್ತದೆ, ಎಣಿಕೆಯಾದದ್ದಕ್ಕೆ ಮಾತ್ರ ಚಿಲ್ಲರೆ ಕಾಸು ಸಲ್ಲುತ್ತದೆ. ಆದುದರಿಂದ ಆಲಾಪವನ್ನು ಕಿತ್ತುಹಾಕಿ ಪಲ್ಲವಿಯಿಂದಲೇ ಹಾಡನ್ನು ಆರಂಭಿಸುವ ಪದ್ಧತಿ ಬೆಳೆಯುತ್ತಿದೆ. 3 ನಿಮಿಷದ ತಟ್ಟೆ ಹಾಡಿನ ಉದ್ದವನ್ನು ಕತ್ತರಿಸಿತ್ತು. ಇದು ಅದರ ಮುಖವನ್ನೇ ಕತ್ತರಿಸುತ್ತಿದೆ.

ಹಾಗಾಗಿ ರಘು ದೀಕ್ಷಿತರು ಸಿನಿಮಾದ ಆಶ್ರಯವನ್ನು ಬಿಡದಿರುವುದರಲ್ಲಿ ಆಶ್ಚರ್ಯವಿಲ್ಲ. 2010ರ ‘ಜಸ್ಟ್ ಮಾತ್ ಮಾತಲ್ಲಿ’, 2020ರ ‘ಲವ್ ಮಾಕ್‌ಟೇಲ್’ ಇವುಗಳ ಹಾಡುಗಳು ಹೊಸ ತಲೆಮಾರಿಗೆ ಕಂಠಸ್ಥ. ಅವರ ಮೂರು ಆಲ್ಬಮುಗಳ ಹೆಸರನ್ನು ಕೇಳಿದರೆ ಅದೇ ತಲೆಮಾರು ತಡವರಿಸಬಹುದು. 2023ರ ಜನವರಿಯಲ್ಲಿ ತೆರೆಕಂಡ ‘ಆರ್ಕೆಸ್ಟ್ರಾ ಮೈಸೂರು’ ಚಿತ್ರಕ್ಕೂ ಅವರದೇ ಸಂಗೀತ. ದಸರಾ, ಗಣೇಶೋತ್ಸವ, ಅಣ್ಣಮ್ಮನ ಉತ್ಸವಗಳಲ್ಲಿ ಬೇರೆಯವರ ಹಾಡುಗಳನ್ನು ತಮ್ಮ ಕಂಠದಲ್ಲಿ ಹಾಡಿ ಹೊಟ್ಟೆ ಹೊರೆಯುವ ವಾದ್ಯಗೋಷ್ಠಿಯ ಗಾಯಕರ ಜಗತ್ತು ಅದರ ವಸ್ತು. ಸುನೀಲ್ ಮೈಸೂರು ನಿರ್ದೇಶಿಸಿದ ಆ ಚಿತ್ರದಲ್ಲಿ ಪೂರ್ಣಚಂದ್ರ ಮೈಸೂರು ನಾಯಕ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಅಂಥ ವಾದ್ಯಗೋಷ್ಠಿಯ ಒಂದು ಸಂಜೆಗೆ ಊರಿನವರು ಮನೆಮನೆ ತಿರುಗಿ ಚಂದಾ ಎತ್ತುತ್ತಾರೆ, ಪಾವತಿ ಪುಸ್ತಕವನ್ನೂ ಅಚ್ಚುಹಾಕಿಸುತ್ತಾರೆ. ಆ ಸಂಜೆ ಕೇಳಿಬರುವ ಕಂಠಗಳಲ್ಲಿ ಒಂದೆರಡಾದರೂ ಮುದ್ರಣಕ್ಕೆ ಯೋಗ್ಯವೆಂಬುದು ನನ್ನ ಅನುಭವ. ಆದರೆ ಎತ್ತಿದ ಚಂದಾದಲ್ಲಿ ಶಾಮಿಯಾನದವನಿಗೂ, ಧ್ವನಿವರ್ಧಕದವನಿಗೂ, ಊಟಕ್ಕೂ ಕೊಟ್ಟು ಉಳಿದದ್ದು ಗಾಯಕರಿಗೆ ಸಲ್ಲುತ್ತದೆ. ಅವರ ಸ್ವಂತದ ಒಂದು ಹಾಡನ್ನು ಅಚ್ಚುಮಾಡಿಸಲೆಂದು ಅದರಲ್ಲಿ ನೂರು ರೂಪಾಯಿ ತೆಗೆದಿರಿಸೋಣವೆಂಬ ಸಲಹೆ ಯಾವ ಸಮಿತಿಯ ಸಭೆಯಲ್ಲಿಯೂ ಬಂದುದನ್ನು ನಾನು ಕೇಳಿಲ್ಲ.